ಏಳನೇ ಇಯತ್ತೆಯ ತಣ್ಣನೆ ಗೋಡೆ

ನಮ್ಮೂರಿನಲ್ಲಿ ಅಂಜಿದವರ ಸುತ್ತ ತಂಪಾಗುತ್ತದೆ. ಹೊಸ ಸೊಸೆ ಬಂದ ಮನೆಯಲ್ಲಿ ಮೊದಲ ಎಂಟು ದಿನ ಹಾಲು ಒಡೆಯುವುದಿಲ್ಲ. ಹೆರಿಗೆ ಕೋಣೆಯ ಹೊರಗೆ ಕೂತ ಗಂಡಸಿನ ಕೈಗೆ ತಂಬಿಗೆ ಕೊಟ್ಟರೆ ಗಳಿಗೆಯಲ್ಲಿ ನೀರು ಕುಡಿಯಲು ಹಿತವಾಗುವಷ್ಟು ತಣ್ಣಗಾಗುತ್ತದೆ. ಇವೆಲ್ಲ ಸಣ್ಣ ತಂಪುಗಳು, ಬಂದು ಹೋಗುವಂಥವು. ದೊಡ್ಡ ತಂಪು ಇದ್ದದ್ದು ಶಾಲೆಯಲ್ಲಿ, ಅದರಲ್ಲೂ ಸಂತೆಬೀದಿಗೆ ಬೆನ್ನು ಹಾಕಿ ನಿಂತ ಏಳನೇ ಇಯತ್ತೆಯ ಕೋಣೆಯಲ್ಲಿ. ಏಳನೇ ಇಯತ್ತೆಗೆ ದೊಡ್ಡ ಪರೀಕ್ಷೆ. ನಲವತ್ತು ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಒಂದೇ ಕೋಣೆಯಲ್ಲಿ ಅಂಜಿಕೊಂಡು ಕೂತರೆ ಆಗುವ ತಂಪು ಗೋಡೆಯನ್ನೂ ದಾಟಿ ಬೀದಿಗೆ ಬರುತ್ತಿತ್ತು.

ನಾನು ಬೆಣ್ಣೆ ಮಾರುವವಳು. ಹೆಸರು ಸಿದ್ದವ್ವ. ನಮ್ಮದು ಕಲ್ಲೂ ಕಾಯುವಂಥ ಬಿಸಿಲಿನ ಊರು. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಮಾರದ ಬೆಣ್ಣೆ ಎಣ್ಣೆಯಾಗಿ ಗಡಿಗೆಯ ತಳ ಸೇರುತ್ತದೆ. ಹಾಗಾಗಿ ಮದುವೆಯಾಗಿ ಬಂದ ಮಾರನೆಯ ವರ್ಷದಿಂದಲೇ ನಾನು ಆ ಗೋಡೆಯ ಹೊರಬದಿಗೆ ಗಡಿಗೆ ಒತ್ತಿಟ್ಟುಕೊಂಡು ಕೂರುತ್ತಿದ್ದೆ. ನನ್ನ ಎಡಕ್ಕೆ ಮುದುಕಿ ಅಂದಾನವ್ವ, ನೋಯುವ ಬೆನ್ನನ್ನು ಗೋಡೆಗೆ ಕೊಟ್ಟು ತೂಕಡಿಸುತ್ತಿದ್ದಳು. ಬಲಕ್ಕೆ ಗೋಡೆಯಲ್ಲೊಂದು ಗೂಡಿತ್ತು. ಕಂಪೌಂಡರ್ ಮೌಲಾಸಾಬರು ಬಿಸಿಲಿಗೆ ಕೆಡುವ ಔಷಧದ ಬಾಟಲಿಗಳನ್ನು ಅದರಲ್ಲಿ ಇಟ್ಟು ಬೀಗ ಹಾಕುತ್ತಿದ್ದರು. ಒಂದು ಕಾಲಕ್ಕೆ ಆ ಗೋಡೆಯಲ್ಲಿ ಎರಡು ಕಿಟಕಿಗಳಿದ್ದವಂತೆ. ಮಕ್ಕಳು ಪಾಠ ಬಿಟ್ಟು ಸಂತೆ ನೋಡುತ್ತಾರೆಂದು ಹಿಂದಿನ ಹೆಡ್‌ಮಾಸ್ತರರೊಬ್ಬರು ಇಟ್ಟಿಗೆ ಹಾಕಿಸಿ ಮುಚ್ಚಿಸಿದರು. ಅಲ್ಲಿಂದ ಗೋಡೆ ಇನ್ನೂ ತಣ್ಣಗಾಯಿತು, ಅವರು ಊರಿಗೆ ದೊಡ್ಡ ಉಪಕಾರ ಮಾಡಿದರು ಎಂದು ಜನ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ.

ಬೆಣ್ಣೆಗೆ ಬೆರಳು ಒತ್ತಿದರೆ ಒಳಗೆ ಯಾವ ಪಾಠ ನಡೆದಿದೆಯೆಂದು ನನಗೆ ತಿಳಿಯುತ್ತಿತ್ತು. ಪದ್ಯ ಹೇಳಿಸುವಾಗ ಬೆರಳು ಅರ್ಧ ಇಳಿಯುತ್ತಿತ್ತು. ಗಣಿತವಾದರೆ ಉಗುರಷ್ಟೇ ಊರುತ್ತಿತ್ತು. ಮೇಲಿನ ಕಚೇರಿಯ ಸಾಹೇಬರು ಶಾಲೆಯ ತಪಾಸಣೆಗೆ ಬಂದ ದಿನವಂತೂ ಬೆಣ್ಣೆಯನ್ನು ಚಾಕುವಿನಿಂದ ಕೊಯ್ದು ಕೊಡಬೇಕಾಗುತ್ತಿತ್ತು. ಆ ದಿನ ಗಿರಾಕಿಗಳು ಹೆಚ್ಚು.

ನನ್ನ ಮಗಳು ನೀಲಾಂಬಿಕೆ, ನಾವು ನೀಲು ಅನ್ನುತ್ತೇವೆ, ಆ ವರ್ಷ ಜೂನಿನಲ್ಲಿ ಏಳನೇ ಇಯತ್ತೆಗೆ ಹೋದಳು. ಅವಳ ಅಪ್ಪ ಎಮ್ಮೆ ಮೇಯಿಸಿಕೊಂಡು ಬರುವಾಗ ಎದುರಾದವರಿಗೆಲ್ಲ ಇದನ್ನು ಹೇಳಿದ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ನಾನು ಎರಡನೇ ಇಯತ್ತೆ ದಾಟಿದವಳಲ್ಲ. ಹಳೆಯ ಉಣ್ಣೆಯ ಅಂಗಿಯೊಂದನ್ನು ಬಿಚ್ಚಿ ಅವಳ ಅಳತೆಗೆ ಹೆಣೆದುಕೊಟ್ಟೆ. ಏಳನೇ ಇಯತ್ತೆಗೆ ಹೋಗುವ ಮಕ್ಕಳಿಗೆ ಎಲ್ಲ ತಾಯಂದಿರೂ ಹಾಗೆ ಮಾಡುತ್ತಿದ್ದರು. ನಮಗೆ ಅದು ಪಾಟಿಚೀಲ ಹೊಲಿದುಕೊಟ್ಟಂತೆಯೇ.

ಶ್ರಾವಣದ ಹೊತ್ತಿಗೆ ಗೋಡೆಯ ಒಂದು ಜಾಗ ಬೇರೆಲ್ಲಕ್ಕಿಂತ ತಣ್ಣಗಿರುವುದು ನನ್ನ ಗಮನಕ್ಕೆ ಬಂತು. ಮೂಲೆಯ ಹತ್ತಿರ, ನಾನು ಕೂತರೆ ನನ್ನ ಭುಜದ ಎತ್ತರಕ್ಕೆ, ಎರಡು ಅಂಗೈ ಅಗಲದ ಜಾಗ. ಹಿಂದೆ ಅಲ್ಲಿ ಹಾಗಿರಲಿಲ್ಲ. ಎರಡು ಕಲ್ಲು ಇಟ್ಟು ಎತ್ತರ ಮಾಡಿ ಗಡಿಗೆಯನ್ನು ಅಲ್ಲಿಗೇ ಸರಿಸಿದೆ. ದೀಪಾವಳಿಗೆ ನನ್ನ ಬೆಣ್ಣೆಯಂಥ ಬೆಣ್ಣೆ ಇಡೀ ಸಂತೆಯಲ್ಲಿರಲಿಲ್ಲ. ಜನ ಎಲೆ ಬಿಚ್ಚಿ ಮುಟ್ಟಿ ನೋಡಿ ಹೊಗಳಿದರು. ಆ ಜಾಗ ನನ್ನ ಅದೃಷ್ಟ ಅಂದುಕೊಂಡೆ. ಒಂದು ದಿನ ಅದಕ್ಕೆ ಕೈಮುಗಿದದ್ದೂ ಉಂಟು.

ಮನೆಯಲ್ಲಿ ನೀಲು ಊಟ ಕಡಿಮೆ ಮಾಡಿದ್ದಳು. ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದಳು, ಭಾನುವಾರ ಅನ್ನುತ್ತಿರಲಿಲ್ಲ. ಏನಾಗಿದೆ ಎಂದು ಕೇಳಿದರೆ, ಏನೂ ಇಲ್ಲ, ಕೋಣೆ ತಂಪು ಅಷ್ಟೇ ಎನ್ನುವಳು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಇನ್ನೊಂದು ಅಂಗಿ ಹೆಣೆಯಲು ಶುರುಮಾಡಿದೆ.

ಸಂಕ್ರಾಂತಿ ಕಳೆದ ವಾರ ಅವಳಿಗೆ ಜ್ವರ ಬಂತು. ಅತ್ತೆಯ ಹತ್ತಿರ ಬಿಟ್ಟು ನಾನು ಬೆಣ್ಣೆಗೆ ಹೋದೆ. ಹನ್ನೊಂದು ಗಂಟೆಗೆ ಗಿರಾಕಿಯೊಬ್ಬರಿಗೆ ಕೊಡಲೆಂದು ಕೈ ಹಾಕಿದರೆ ಬೆರಳು ಪೂರ್ತಿ ಒಳಗೆ ಇಳಿಯಿತು. ಇವತ್ತು ಒಳಗೆ ಪಾಠವಿಲ್ಲವೇನೋ ಅಂದುಕೊಂಡೆ. ಆದರೆ ಮೌಲಾಸಾಬರ ಗೂಡು ಎಂದಿನಂತೆ ತಣ್ಣಗಿತ್ತು, ಅಂದಾನವ್ವ ಎಂದಿನಂತೆ ನಿದ್ದೆಹೋಗಿದ್ದಳು. ಆ ಎರಡು ಅಂಗೈ ಜಾಗ ಮಾತ್ರ ಉಗುರುಬೆಚ್ಚಗಿತ್ತು. ಗಡಿಗೆಯನ್ನು ಬೇರೆಡೆ ಇಟ್ಟೆ. ಮರುದಿನವೂ ಹಾಗೇ. ಅದರ ಮರುದಿನವೂ. ನಾಲ್ಕನೆಯ ದಿನ ಜ್ವರ ಬಿಟ್ಟು ನೀಲು ಶಾಲೆಗೆ ಹೋದಳು. ನಾನು ಗಡಿಗೆಯನ್ನು ಮತ್ತೆ ಆ ಜಾಗಕ್ಕೇ ಸರಿಸಿ ನೋಡಿದೆ. ಪ್ರಾರ್ಥನೆಯ ಗಂಟೆ ಬಾರಿಸಿತು, ಮಕ್ಕಳು ಒಳಗೆ ಬಂದು ಕೂತ ಸದ್ದಾಯಿತು. ಗಡಿಗೆಯಲ್ಲಿದ್ದ ನನ್ನ ಕೈಯ ಕೆಳಗೇ ಬೆಣ್ಣೆ ಬಿಗಿದುಕೊಂಡಿತು.

ನಾನು ಗಡಿಗೆ ಬಿಟ್ಟು ಗೋಡೆಯ ಮೇಲೆ ಅಂಗೈ ಇಟ್ಟೆ. ಆ ಕಡೆ, ನನ್ನ ಕೈಯಿಂದ ಒಂದು ಮೊಳ ದೂರದಲ್ಲಿ, ನನ್ನ ಮಗಳ ಭುಜವಿತ್ತು. ಶ್ರಾವಣದಿಂದ ನಾನು ಮಾರುತ್ತಿದ್ದದ್ದು, ಜನ ಹೊಗಳುತ್ತಿದ್ದದ್ದು ಅದನ್ನೇ.  ಗಿರಾಕಿಗಳು ಬಂದು ಕೇಳಿ ಹೋದರು. ಆಮೇಲೆ ಎದ್ದು ಗಡಿಗೆಯನ್ನು ಎತ್ತಿ ಬಿಸಿಲಿನಲ್ಲಿ ಇಟ್ಟೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಕ್ಕಳು ಬಯಲಿಗೆ ಓಡಿದ ಮೇಲೆ ನಾನು ಆ ಕೋಣೆಯೊಳಗೆ ಮೊದಲ ಸಲ ಕಾಲಿಟ್ಟೆ. ಯಮುನಪ್ಪ ಮಾಸ್ತರರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆಯಲ್ಲಿ ಕಲಿಸುತ್ತಿದ್ದವರು. ಕೆಟ್ಟ ಮನುಷ್ಯರಲ್ಲ. ಬೆತ್ತ ಹಿಡಿದದ್ದನ್ನು ಯಾರೂ ನೋಡಿರಲಿಲ್ಲ. ನನ್ನನ್ನು ಕಂಡು, ಬೆಣ್ಣೆ ತರಲು ಹೇಳಿರಲಿಲ್ಲವಲ್ಲ ಎಂದರು. ನೀಲು ಎಲ್ಲಿ ಕೂರುತ್ತಾಳೆ ಎಂದು ಕೇಳಿದೆ. ಮೂಲೆಯ ಬೆಂಚಿನ ಕೊನೆ ತೋರಿಸಿ, ಹುಡುಗಿ ಜಾಣೆ, ಆದರೆ ಹುಟ್ಟಾ ಅಂಜುಬುರುಕಿ ಎಂದರು. ಒಂದು ಗಳಿಗೆ ಅಲ್ಲಿ ಕೂರಲೇ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಆಗಲಿ ಎಂದರು.

ಬೆಂಚುಗಳ ಕಾಲನ್ನು ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ್ದರು. ಮೂಲೆಯವಳು ಹೊರಗೆ ಬರಬೇಕಾದರೆ ಮೂವರು ಏಳಬೇಕು. ಮೈ ಹಿಡಿದುಕೊಂಡು ನುಸುಳಿ ಕೂತೆ. ಮುಂದಿನ ಹಲಗೆ ಹೊಟ್ಟೆಗೆ ಒತ್ತುತ್ತಿತ್ತು. ಮುಚ್ಚಿದ ಕಿಟಕಿಗಳ ಜಾಗದಲ್ಲಿ ಇಟ್ಟಿಗೆಯ ಎರಡು ಚೌಕ. ತಲೆಯ ಮೇಲೆ ಒಂದೇ ಬಲ್ಬು ಜುಂಯ್ ಎನ್ನುತ್ತಿತ್ತು. ಎದುರಿಗೆ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಮಾಸ್ತರರ ಕುರ್ಚಿ, ಅದರ ಹಿಂದೆ ಬಾಗಿಲು. ಹೊರಗೆ ಹೋಗಬೇಕೆಂದರೆ ಎಲ್ಲರ ಕಣ್ಣೆದುರು ಕಟ್ಟೆ ಹತ್ತಿ ಮಾಸ್ತರರನ್ನು ದಾಟಿಯೇ ಹೋಗಬೇಕು. ನನ್ನ ಪಕ್ಕದ ಗೋಡೆಯ ಮೇಲೆ, ಕಣ್ಣಿನ ನೇರಕ್ಕೆ, ಕಪ್ಪು ಬಣ್ಣದಲ್ಲಿ ಹೆಸರುಗಳ ಸಾಲು. ಅಕ್ಷರ ಕೂಡಿಸಿ ಓದಿದೆ. ಹಿಂದಿನ ವರ್ಷ ನಪಾಸಾದವರದು. ಪ್ರತಿ ವರ್ಷ ಸುಣ್ಣ ಬಳಿದು ಅದೇ ಜಾಗದಲ್ಲಿ ಹೊಸ ಹೆಸರು ಬರೆಯುವುದು ಆ ಶಾಲೆಯ ಪದ್ಧತಿ. ನನ್ನ ಮಗಳು ತಲೆ ಹೊರಳಿಸಿದರೆ ಕಾಣುವುದು ಅದೊಂದೇ.

ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮಾಸ್ತರರು ರೊಟ್ಟಿಯ ಗಂಟು ಕಟ್ಟುತ್ತಿದ್ದರು.  ಆದರೂ ಎದ್ದು ಹೋಗಬೇಕೆನ್ನಿಸಿತು, ದಾರಿ ಕಾಣಲಿಲ್ಲ. ತೋಳಿಗೆ ತಾಗಿದ್ದ ಪಕ್ಕದ ಗೋಡೆ ನನ್ನ ಅಂಜಿಕೆಗೇ ತಣ್ಣಗಾಗತೊಡಗಿತು.

"ಮಾಸ್ತರ," ಅಂದೆ, "ನೀವು ನನಗೇನೂ ಅಂದಿಲ್ಲ. ನಾ ಯಾವ ಪರೀಕ್ಷಾನೂ ಬರಿಯಾಕ ಬಂದಿಲ್ಲ. ಬಂದು ಈ ಗ್ವಾಡಿ ಮುಟ್ಟಿ ನೋಡ್ರಿ."

ಅವರು ಬಂದು ಅಂಗೈ ಇಟ್ಟರು. ತೆಗೆದು ಮತ್ತೆ ಇಟ್ಟರು. 

"ನಾ ಹುಡುಗೂರs ಅಂಥಾವು ಅಂತ ತಿಳಿದಿದ್ದೆ," ಎಂದರು. "ಇಲ್ಲಂದ್ರ, ನನಗs ಕಲಸಾಕ ಬರೂದಿಲ್ಲ ಅಂತ."

ಏನಾದರೂ ಮಾಡಬೇಕೆಂದು ನಾನು, ಸಾಹೇಬರು ಏನನ್ನುತ್ತಾರೋ, ಊರವರು ಏನನ್ನುತ್ತಾರೋ ಎಂದು ಅವರು. ಕೊನೆಗೆ ಮುಚ್ಚಿದ ಕಿಟಕಿಯಿಂದ ಒಂದೇ ಒಂದು ಇಟ್ಟಿಗೆ ತೆಗೆಯಲು ಒಪ್ಪಿದರು. ಭಾನುವಾರ ನನ್ನ ಗಂಡ ಗೂಟ ಕೀಳುವ ಹಾರೆ ತಂದು ನೀಲು ಕೂರುವ ಜಾಗದ ಹತ್ತಿರದ ಚೌಕದಿಂದ ಒಂದು ಇಟ್ಟಿಗೆಯನ್ನು ಮೆಲ್ಲನೆ ಎಬ್ಬಿಸಿದ. ಬೆಳಕಿನ ಒಂದು ಪಟ್ಟಿ ಬಂದು ಬೆಂಚಿನ ಮೇಲೆ ಬಿತ್ತು. ಸೋಮವಾರ ಸಂಜೆ ನೀಲು ಮನೆಗೆ ಬಂದು, ಆ ಸಂದಿನಲ್ಲಿ ಮೆಣಸಿನಕಾಯಿ ಮಾರುವವನ ಟೋಪಿ ಕಾಣುತ್ತದೆಂದು ಅಜ್ಜಿಗೆ ಹೇಳಿದಳು. ಎರಡು ರೊಟ್ಟಿ ತಿಂದಳು.

ಊರವರಿಗೆ ಎರಡೇ ದಿನದಲ್ಲಿ ಗೊತ್ತಾಯಿತು. ಗೋಡೆ ಆ ತುದಿಯಲ್ಲಿ ಬೆಚ್ಚಗಾಗುತ್ತಿದೆ ಎಂದು ಮೊದಲು ಹೇಳಿದವರು ಮೌಲಾಸಾಬರು. ಅವರ ಸಿಟ್ಟು ಕಾರಣವಿಲ್ಲದ್ದಲ್ಲ. ಅವರ ಗೂಡಿನಲ್ಲಿದ್ದ ಔಷಧದಿಂದ ಬದುಕಿದವರು ಊರಲ್ಲಿದ್ದರು. ಅದು ಕೆಟ್ಟರೆ ತಾಲ್ಲೂಕಿನಿಂದ ತರಲು ಒಂದು ದಿನ ಬೇಕು. ಗುರುವಾರ ಬೆಳಿಗ್ಗೆ ಹತ್ತಾರು ಜನ ಗೋಡೆಯ ಬಳಿ ಸೇರಿದರು. ಇಟ್ಟಿಗೆಯನ್ನು ತಿರುಗಿ ಕೂರಿಸಬೇಕೆಂದು ಮೌಲಾಸಾಬರು ಮರ್ಯಾದೆಯಿಂದಲೇ ಹೇಳಿದರು. ಯಮುನಪ್ಪ ಮಾಸ್ತರರು ತಲೆ ತಗ್ಗಿಸಿ ನಿಂತಿದ್ದರು. ಅವರ ಹತ್ತಿರ ನಿಂತವರಿಗೆ ಚಳಿಯಾಗುತ್ತಿತ್ತು. ನಾನು ಜ್ವರದ ದಿನ ಬೆಣ್ಣೆ ಕರಗಿದ್ದನ್ನೂ ನಾಲ್ಕನೆಯ ದಿನ ಗಟ್ಟಿಯಾದದ್ದನ್ನೂ ಇದ್ದದ್ದು ಇದ್ದಂತೆ ಹೇಳಿದೆ. 

 ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಅಂದಾನವ್ವ ಬಾಯಿಬಿಟ್ಟಳು.

"ನನ್ನ ಮೂರೂ ಮಕ್ಕಳು ಇದೇ ಕ್ವಾಣ್ಯಾಗ ಕುಂತು ಎದ್ದಾರ. ಅವರು ಆಕಡೆ ನಡುಗತಿದ್ರು. ನಾ ಈಕಡೆ ಬೆನ್ನ ಕೊಟ್ಟು ನಿದ್ದಿ ಮಾಡೀನಿ." ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಕೈ ಚಾಚಿದಳು. "ನನ್ನ ಎಬ್ಬಸ್ರಿ."

ನಾನು ಒಂದು ರಟ್ಟೆ ಹಿಡಿದೆ, ಮೌಲಾಸಾಬರು ಇನ್ನೊಂದು. ಬೀದಿಯ ಆಚೆ ಬೇವಿನ ಮರದವರೆಗೆ ನಡೆಸಿಕೊಂಡು ಹೋಗಿ ಅದರ ನೆರಳಿನಲ್ಲಿ ಕೂರಿಸಿದೆವು. ಅಲ್ಲಿ ನೆರಳಿತ್ತು, ತಂಪಿರಲಿಲ್ಲ. ಬೆನ್ನು ನೋಯುತ್ತದೆಂದು ಅವಳು ಆಮೇಲೆ ದಿನಾ ಗೊಣಗಿದಳು, ಆದರೆ ಗೋಡೆಯ ಹತ್ತಿರ ಮತ್ತೆ ಬರಲಿಲ್ಲ. ಮೌಲಾಸಾಬರು ಗೂಡಿನ ಬೀಗ ತೆಗೆದು ಬಾಟಲಿಗಳನ್ನು ಬುಟ್ಟಿಗೆ ತುಂಬಿಕೊಂಡರು. ಮನೆಯ ನೆಲಮಾಳಿಗೆಯಲ್ಲಿ ಹಸಿ ಮರಳು ಹಾಸಿ, ಗಡಿಗೆಯೊಳಗೆ ಗಡಿಗೆ ಇಟ್ಟು, ನಡುವೆ ಒದ್ದೆ ಗೋಣಿ ತುರುಕಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸುವ ಕೆಲಸ ಮೈಮೇಲೆ ಹಾಕಿಕೊಂಡರು. ಒಂದೆರಡು ಬಾಟಲಿ ಕೆಟ್ಟವು. ಉಳಿದವು ಕೆಡದೆ ಉಳಿದವು.

ಮುಂದಿನ ಭಾನುವಾರ ಕಿಟಕಿ ಬಿಚ್ಚಲು ಕರೆಯದೆಯೇ ಜನ ಬಂದರು. ಎರಡೂ ಕಿಟಕಿಯ ಇಟ್ಟಿಗೆ ಹೊರಬಿತ್ತು. ಬೆಂಚಿನ ಕಾಲಿನ ಸಿಮೆಂಟು ಒಡೆಯಲು ಕಲ್ಲುಕುಟಿಗರು ಉಳಿ ತಂದರು. ಕಟ್ಟೆಯನ್ನು ಕೆಡವಿ ನೆಲ ಸಮ ಮಾಡಿದರು. ಮಾಸ್ತರರ ಕುರ್ಚಿಯ ಕಾಲು ಮೊದಲೇ ಮುರುಕಲು, ಇಳಿಸುವಾಗ ಪೂರ್ತಿ ಹೋಯಿತು. ಮಕ್ಕಳೂ ಬಂದಿದ್ದರು. ಹೆಸರಿನ ಗೋಡೆಯನ್ನು ಕೆರೆಯುವ ಕೆಲಸ ಅವರಿಗೆ ಕೊಟ್ಟಿದ್ದರು.

ಸುಣ್ಣದ ಒಂದು ಪದರ ಉದುರಿದರೆ ಅದರ ಕೆಳಗೆ ಇನ್ನೊಂದು ವರ್ಷದ ಹೆಸರುಗಳು. ಅದರ ಕೆಳಗೆ ಮತ್ತೊಂದು. ಮಕ್ಕಳು ಮೊದಮೊದಲು ತಮ್ಮ ಅಣ್ಣಂದಿರ, ಚಿಕ್ಕಪ್ಪಂದಿರ ಹೆಸರು ಹುಡುಕಿ ನಕ್ಕರು. ಆಮೇಲೆ ನಗು ನಿಂತಿತು. ಇಟ್ಟಿಗೆಗೆ ತಾಗುವಷ್ಟು ಒಳಗಿನ ಪದರದಲ್ಲಿ, ಸಾಲಿನ ನಾಲ್ಕನೆಯ ಹೆಸರು ಯಮುನಪ್ಪ ಎಂದಿತ್ತು. ಮಾಸ್ತರರು ಹತ್ತಿರ ಬಂದು ನಿಂತರು. ಕೆರೆಯುವ ಕೈಗಳೆಲ್ಲ ನಿಂತವು. ಕಿಟಕಿ ತೆರೆದಿದ್ದರೂ, ಹೊರಗೆ ಬಿಸಿಲು ಕಾದಿದ್ದರೂ ನಮಗೆಲ್ಲ ಮೈ ಜುಂ ಎಂದಿತು. ಅಷ್ಟು ದೊಡ್ಡ ಮನುಷ್ಯ ಅಲ್ಲಿ ನಿಂತು ಹನ್ನೆರಡು ವರ್ಷದ ಹುಡುಗನ ಹಾಗೆ ಮಫ್ಲರಿನ ಅಂಚು ಹಿಂಡುತ್ತಿದ್ದರು. ನೀಲು ಸುಣ್ಣದ ಬಕೀಟಿಗೆ ಕುಂಚ ಅದ್ದಿ ತೆಗೆದು ಅವರ ಕೈಗೆ ಕೊಟ್ಟಳು.

"ನೀವs ಬಳೀರಿ ಸರ್," ಎಂದಳು.

ಅವರು ಬಳಿದರು. ಆ ವರ್ಷ ಅಲ್ಲಿ ಯಾವ ಹೆಸರನ್ನೂ ಬರೆಯಲಿಲ್ಲ.

ಕಿಟಕಿ ತೆರೆದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಾಸ್ತರರು ಪಾಠ ಮಾಡುತ್ತಲೇ ಬೆಂಚುಗಳ ನಡುವೆ ಓಡಾಡಿ ಹಲಗೆಗಳ ಮೇಲೆ ಅಂಗೈ ಇಟ್ಟು ನೋಡುವುದನ್ನು ಕಲಿತರು. ತಣ್ಣಗಿದ್ದಲ್ಲಿ ಮಗುವನ್ನು ಎಬ್ಬಿಸಿ ಬೇರೆಡೆ ಕೂರಿಸಿ ನೋಡುವರು. ಕೆಲವರಿಗೆ ಬಾಗಿಲ ಹತ್ತಿರ ಹಿತವಾಯಿತು, ಕೆಲವರಿಗೆ ಗೆಳತಿಯ ಪಕ್ಕ. ಹೊನ್ನಮ್ಮ ಎಂಬ ಹುಡುಗಿ ಕಿಟಕಿಯ ಬಳಿ ಮಂಜಿನಂತಾದಳು, ಬೀದಿಯವರು ನೋಡುತ್ತಾರೆಂದು ಅವಳ ಅಂಜಿಕೆ. ಅವಳನ್ನು ಮೂಲೆಗೆ, ಬೆನ್ನಿಗೆ ಗೋಡೆ ಸಿಗುವಂತೆ ಕೂರಿಸಿದರು. ನನ್ನ ಮಗಳು ನಡುಗಿದ ಅದೇ ಮೂಲೆಯಲ್ಲಿ ಅವಳು ಬೆಚ್ಚಗೆ ಕೂತಳು. ಗಣಿತದ ಹೊತ್ತಿನಲ್ಲಿ ಕೋಣೆ ಹೊಸ ಮಡಕೆಯ ನೀರಿನಷ್ಟು ತಂಪಾಗುವುದು ಮಾತ್ರ ತಪ್ಪಲಿಲ್ಲ. ಅಷ್ಟು ಇರುತ್ತದೆ ಎಂದು ಮಾಸ್ತರರು ಬಿಟ್ಟರು.

ನನ್ನ ಬೆಣ್ಣೆ ಗಟ್ಟಿಯಾಗಿ ನಿಲ್ಲಲಿಲ್ಲ. ಎರಡು ವಾರ ದಿನಾ ಕರಗಿ, ಗಿರಾಕಿಗಳಿಂದ ಮಾತು ಕೇಳಿ, ಕೊನೆಗೆ ಬೆಳಿಗ್ಗೆಯೇ ಕಾಯಿಸಿ ತುಪ್ಪ ಮಾಡಿ ತರತೊಡಗಿದೆ. ಬಿಸಿಲಿನಲ್ಲಿ ಒಲೆಯ ಮುಂದೆ ಕೂರುವ ಕೆಲಸ ಸುಲಭದ್ದಲ್ಲ. ಕೆಲವರು ಬೆಣ್ಣೆಯೇ ಬೇಕೆಂದು ನನ್ನನ್ನು ಬಿಟ್ಟುಹೋದರು. ಆದರೂ ಕಿಟಕಿಯ ಕೆಳಗಿನ ನನ್ನ ಜಾಗ ಬಿಡಲಿಲ್ಲ. ಒಳಗಿನ ಮಾತು ಈಗ ಕೇಳಿಸುತ್ತಿತ್ತು.

ಮಾರ್ಚ್ ಮೊದಲ ವಾರ ಸಾಹೇಬರು ತಪಾಸಣೆಗೆ ಬಂದರು. ನಮ್ಮ ಶಾಲೆಯ ಚಳಿ ಅವರಿಗೆ ಗೊತ್ತಿದ್ದದ್ದರಿಂದ ಆ ಬಿಸಿಲಿನಲ್ಲೂ ದಪ್ಪ ಕೋಟು ತೊಟ್ಟು, ಮೇಲೆ ಶಾಲು ಹೊದ್ದು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಬಂದಿದ್ದರು. ಬಾಗಿಲಲ್ಲಿ ನಿಂತು ಕೋಣೆಯನ್ನು ಸುತ್ತಲೂ ನೋಡಿದರು. ಬೆಂಚುಗಳು ಅರ್ಧಚಂದ್ರದಂತಿದ್ದವು. ಕಟ್ಟೆಯಿಲ್ಲ, ಕುರ್ಚಿಯಿಲ್ಲ, ಹೆಸರಿನ ಪಟ್ಟಿಯಿಲ್ಲ. ಕಿಟಕಿಯಿಂದ ಸಂತೆಯ ಸದ್ದು, ಜೊತೆಗೆ ನನ್ನ ತಲೆಯೂ ಕಾಣುತ್ತಿತ್ತು. ಇದು ಶಾಲೆಯೋ ಸಂತೆಯೋ ಎಂದು ಕೇಳಿದರು. ಇಷ್ಟು ಬಿಸಿ ಕೋಣೆಯಲ್ಲಿ ಕೂತ ಮಕ್ಕಳಿಗೆ ಪರೀಕ್ಷೆಯ ಭಯ ಇರುವುದೆಂದು ತಾನು ಹೇಗೆ ನಂಬಲಿ, ಮೇಲಿನವರಿಗೆ ಏನೆಂದು ಬರೆಯಲಿ ಎಂದರು.

ಯಮುನಪ್ಪ ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದರು. ಅವರಿಂದ ತಂಪು ಹೊರಟಿತು. ಕಿಟಕಿಯ ಕೆಳಗಿದ್ದ ನನ್ನ ಕುತ್ತಿಗೆಗೂ ಅದು ತಾಗಿತು. ಒಳಗೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ತಮ್ಮದಲ್ಲವೆಂದು ಅವರಿಗೆ ಗೊತ್ತಿತ್ತು. ಸಾಹೇಬರು ಶಾಲನ್ನು ಬಿಗಿಯಾಗಿ ಎಳೆದುಕೊಂಡು, ಈಗ ಸರಿಯಾಯಿತು, ಪಾಠ ಮುಂದುವರಿಸಿ ಎಂದರು. ಮಾಸ್ತರರು ಬೋರ್ಡಿನ ಕಡೆ ತಿರುಗಿ ಅರ್ಧ ಬರೆದಿದ್ದ ಲೆಕ್ಕದ ಮುಂದೆ ಸೀಮೆಸುಣ್ಣ ಹಿಡಿದು ನಿಂತರು. ಕೈ ಮುಂದೆ ಹೋಗಲಿಲ್ಲ.

ನೀಲು ಎದ್ದು ನಿಂತಳು. 

"ಸರ್, ನನಗ ಈ ಲೆಕ್ಕ ತಿಳೀಲಿಲ್ಲ," ಎಂದಳು. ದನಿ ಸಣ್ಣದು, ಆದರೆ ನಡುಗಲಿಲ್ಲ. "ಮೊದಲಿಂದ ಇನ್ನೊಮ್ಮೆ ಹೇಳಿಕೊಡ್ರಿ."

ಸಾಹೇಬರ ಎದುರಿಗೆ ತಿಳಿಯಲಿಲ್ಲ ಎಂದವರು ಆ ಕೋಣೆಯಲ್ಲಿ ಈವರೆಗೆ ಯಾರೂ ಇರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ನನಗೂ ತಿಳಿದಿಲ್ಲ ಎಂದ. ಮೂಲೆಯಿಂದ ಹೊನ್ನಮ್ಮ, ಎರಡನೆಯ ಸಾಲಿನ ತನಕ ತಿಳಿದಿದೆ, ಆಮೇಲಿನದು ಇಲ್ಲ ಎಂದಳು. ಮಾಸ್ತರರು ತಿರುಗಿ ಮಕ್ಕಳನ್ನು ನೋಡಿದರು. ಎಲ್ಲರ ಮುಖವೂ ಅವರ ಕಡೆಗಿತ್ತು.

ಬೋರ್ಡು ಒರೆಸಿ ಮೊದಲಿನಿಂದ ಶುರುಮಾಡಿದರು. ಮೊದಲ ಅಂಕಿ ಸೊಟ್ಟಗಾಯಿತು. ಎರಡನೆಯ ಸಾಲಿನಲ್ಲಿ ನಿಂತು ಹೊನ್ನಮ್ಮನಿಗೆ ಬೇರೆ ರೀತಿಯಲ್ಲಿ ಹೇಳಿದರು. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ದನಿ ಎಂದಿನಂತಾಗಿತ್ತು. ನೀಲು ಇನ್ನೂ ತಿಳಿಯಲಿಲ್ಲ ಎಂದಾಗ, ನೀ ಎಲ್ಲಿ ತಪ್ಪತೀ ಅಂತ ನನಗ ಗೊತ್ತೈತಿ, ಬಾ ಇಲ್ಲಿ ಎಂದು ಕರೆದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು. ಅವಳು ಒಂದು ಸಾಲು ಬರೆದಳು, ಅವರು ಒಂದು ಸಾಲು. ಸಾಹೇಬರು ಅಲ್ಲಿದ್ದಾರೆಂಬುದೇ ಇಬ್ಬರಿಗೂ ಮರೆತಿತ್ತು.

ಸಾಹೇಬರು ಮೊದಲು ಟೋಪಿ ತೆಗೆದರು. ಆಮೇಲೆ ಶಾಲು. ಹಣೆಯ ಬೆವರು ಒರೆಸಿಕೊಂಡು ಕೋಟಿನ ಗುಂಡಿ ಬಿಚ್ಚಿದರು, ಅದನ್ನೂ ತೆಗೆದು ತೋಳಿನ ಮೇಲೆ ಹಾಕಿಕೊಂಡರು. ಕೂರಲು ಕುರ್ಚಿಗಾಗಿ ಅತ್ತಿತ್ತ ನೋಡಿದರು. ಕಾಣದೆ, ಬಾಗಿಲ ಹತ್ತಿರದ ಬೆಂಚಿನ ತುದಿಗೆ ಮೆಲ್ಲನೆ ಕೂತರು. ಅಲ್ಲಿದ್ದ ಹುಡುಗಿ ಅವರಿಗೆ ಜಾಗ ಮಾಡಿಕೊಟ್ಟು, ಬೋರ್ಡಿನಿಂದ ಕಣ್ಣು ತೆಗೆಯದೆ, ಅವರಿಗೂ ಕಾಣಲೆಂದು ತನ್ನ ಪುಸ್ತಕವನ್ನು ಇಬ್ಬರ ನಡುವೆ ಸರಿಸಿದಳು.